ಮಾತ್ರೆ ನಿಲ್ಲಿಸಿದರೆ ಏರುವ ಕೌಂಟ್, ಕೊಟ್ಟರೆ ಮತ್ತೆ ಇಳಿಯುವುದೇಕೆ? ಮೆಂಟೆನೆನ್ಸ್ ಹಂತದ ಮಗುವಿನ ಬಿಳಿ ರಕ್ತಕಣಗಳ ಬಗ್ಗೆ

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ, ತೂಕ 21 ಕೆ.ಜಿ., ಎತ್ತರ 118 ಸೆಂ.ಮೀ. ಬಿ-ಸೆಲ್ ಎಎಲ್‌ಎಲ್ ರಕ್ತ ಕ್ಯಾನ್ಸರ್. ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ, ಮೆಂಟೆನೆನ್ಸ್ (ಕಾಯಿಲೆ ಮರಳದಂತೆ ಕೊಡುವ ಕೊನೆಯ, ದೀರ್ಘ ಹಂತ) ಶುರುವಾಗಿ ಐದು ತಿಂಗಳಾಯಿತು. ದಿನಾ ರಾತ್ರಿ 6-ಎಂಪಿ (ಮರ್ಕ್ಯಾಪ್ಟೊಪ್ಯುರಿನ್) 50 ಮಿ.ಗ್ರಾಂ. ಒಂದು ಮಾತ್ರೆ, ಪ್ರತಿ ಸೋಮವಾರ ಮೆಥೊಟ್ರೆಕ್ಸೇಟ್ 2.5 ಮಿ.ಗ್ರಾಂ.ನ ಆರು ಮಾತ್ರೆ, ಶನಿವಾರ ಮತ್ತು ಭಾನುವಾರ ಸೆಪ್ಟ್ರಾನ್. ಮೂರು ಸಲ ಡಬ್ಲ್ಯುಬಿಸಿ (ಬಿಳಿ ರಕ್ತಕಣ) 1,600, 1,300, 1,500ಕ್ಕೆ ಬಿತ್ತು. ಮೂರು ಸಲವೂ ಮಾತ್ರೆ ನಿಲ್ಲಿಸಿದರು. ಹತ್ತು-ಹನ್ನೆರಡು ದಿನದಲ್ಲಿ 3,800ರ ತನಕ ಏರುತ್ತದೆ, ಅದೇ ಡೋಸ್ ಮತ್ತೆ ಶುರು ಮಾಡಿದರೆ ಮೂರು ವಾರದಲ್ಲಿ ಇಳಿಯುತ್ತದೆ. ಕೊನೆಯ ರಿಪೋರ್ಟ್: ಡಬ್ಲ್ಯುಬಿಸಿ 1,500, ನ್ಯೂಟ್ರೋಫಿಲ್ 28%, ಹಿಮೋಗ್ಲೋಬಿನ್ 9.8, ಪ್ಲೇಟ್‌ಲೆಟ್ 1.9 ಲಕ್ಷ. ಕಾಯಿಲೆ ಮರಳಿ ಬರುತ್ತಿದೆಯೇ? ಸೆಪ್ಟ್ರಾನ್ ನಿಲ್ಲಿಸಬಹುದೇ? ಕೌಂಟ್ ಏರಿಸಲು ಇಂಜೆಕ್ಷನ್ ಅಥವಾ ಆಹಾರ ಏನಾದರೂ ಇದೆಯೇ? (ದಾವಣಗೆರೆಯಿಂದ ಒಬ್ಬ ತಂದೆ)

ಉತ್ತರ: ಮೊದಲು ಒಂದು ಲೆಕ್ಕ. ಒಟ್ಟು ಡಬ್ಲ್ಯುಬಿಸಿ ನೋಡಿ ನಾವು ಯಾವ ತೀರ್ಮಾನಕ್ಕೂ ಬರುವುದಿಲ್ಲ. ನೋಡಬೇಕಾದದ್ದು ಎಎನ್‌ಸಿ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳಾದ ನ್ಯೂಟ್ರೋಫಿಲ್‌ಗಳು ರಕ್ತದಲ್ಲಿ ನಿಜಕ್ಕೂ ಎಷ್ಟಿವೆ ಎಂಬ ಸಂಖ್ಯೆ. ಒಟ್ಟು ಡಬ್ಲ್ಯುಬಿಸಿಯನ್ನು ನ್ಯೂಟ್ರೋಫಿಲ್ ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿದರೆ ಅದು ಸಿಗುತ್ತದೆ. ರಿಪೋರ್ಟಿನಲ್ಲಿ ಬ್ಯಾಂಡ್ ಕಣಗಳನ್ನು (ಇನ್ನೂ ಪೂರ್ತಿ ಬಲಿಯದ ನ್ಯೂಟ್ರೋಫಿಲ್) ಬೇರೆಯಾಗಿ ಕೊಟ್ಟಿದ್ದರೆ ಆ ಶೇಕಡಾವನ್ನೂ ಕೂಡಿಸಿಕೊಳ್ಳಿ. ನಿಮ್ಮ ಮಗನದ್ದು 1,500 × 28 ÷ 100, ಅಂದರೆ 420.

ಲ್ಯಾಬ್ ರಿಪೋರ್ಟಿನಲ್ಲಿ ಪಕ್ಕಕ್ಕೆ ಅಚ್ಚಾಗಿರುವ 4,000–11,000 ಎಂಬ ಮಿತಿ ಆರೋಗ್ಯವಂತರಿಗೆ. ಮೆಂಟೆನೆನ್ಸ್‌ನಲ್ಲಿರುವ ಮಗುವಿಗೆ ಅದು ಗುರಿಯೇ ಅಲ್ಲ. ಇಲ್ಲಿ ಕೌಂಟ್ ಸ್ವಲ್ಪ ತಗ್ಗಿಯೇ ಇರಬೇಕೆಂದು ಔಷಧ ಕೊಡುವುದು. ಚಿಕಿತ್ಸಾ ಕ್ರಮದಿಂದ (ಪ್ರೋಟೊಕಾಲ್) ಕ್ರಮಕ್ಕೆ ತುಸು ವ್ಯತ್ಯಾಸವಿದ್ದರೂ ಎಎನ್‌ಸಿಯನ್ನು ಹೆಚ್ಚುಕಡಿಮೆ 500ರಿಂದ 1,500ರ ನಡುವೆ ಹಿಡಿದಿಡುವುದು ರೂಢಿ. ಡಬ್ಲ್ಯುಬಿಸಿ 1,800 ಇದ್ದು ನ್ಯೂಟ್ರೋಫಿಲ್ 50% ಇದ್ದರೆ ಎಎನ್‌ಸಿ 900. ರಿಪೋರ್ಟಿನಲ್ಲಿ ಕೆಂಪು ಗುರುತು ಬಿದ್ದಿದ್ದರೂ ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಆ ಕೆಂಪು ಗುರುತು ನೋಡಿ ತಾವಾಗಿಯೇ ಮಾತ್ರೆ ನಿಲ್ಲಿಸುವ ಮನೆಗಳಿವೆ. ಅದು ಕಡಿಮೆ ಕೌಂಟ್‌ಗಿಂತ ದೊಡ್ಡ ಅಪಾಯ.

ಆದರೆ ನಿಮ್ಮ ಮಗನ ವಿಷಯ ಹಾಗಲ್ಲ. 500ಕ್ಕಿಂತ ಕೆಳಗೆ ಹೋದರೆ ಅದು ತೀವ್ರ ನ್ಯೂಟ್ರೋಪೀನಿಯ (ನ್ಯೂಟ್ರೋಫಿಲ್ ಕೊರತೆ), ಮೂರು ಸಲ ಹಾಗಾಗಿದ್ದರೆ ಕಾರಣ ಹುಡುಕಲೇಬೇಕು. ಹುಡುಕುವಷ್ಟು ದಿನ ಜ್ವರದ ಮೇಲೆ ಕಣ್ಣಿರಲಿ. ಒಂದೇ ಸಲ 101 ಡಿಗ್ರಿ ಫ್ಯಾರನ್‌ಹೀಟ್ ಬಂದರೂ, 100.4 ಡಿಗ್ರಿ ಒಂದು ಗಂಟೆ ನಿಂತರೂ ತಕ್ಷಣ ಆಸ್ಪತ್ರೆಗೆ ಹೊರಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ನರದ ಮೂಲಕ ಆ್ಯಂಟಿಬಯೋಟಿಕ್ ಶುರುವಾಗಬೇಕು. ಬೆಂಗಳೂರು ದೂರ, ಆದ್ದರಿಂದ ಮೊದಲ ಡೋಸ್ ದಾವಣಗೆರೆಯಲ್ಲೇ ಎಲ್ಲಿ ಕೊಡುತ್ತಾರೆ, ಯಾವುದನ್ನು ಕೊಡಬೇಕು ಎಂಬುದನ್ನು ನಿಮ್ಮ ಕ್ಯಾನ್ಸರ್ ವೈದ್ಯರಿಂದ ಈಗಲೇ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಜ್ವರ ಅಳೆಯುವ ಮೊದಲೇ ಪ್ಯಾರಾಸಿಟಮಾಲ್ ಕೊಡಬೇಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡುವುದು, ಸೊಂಟಕ್ಕೆ ಇಂಜೆಕ್ಷನ್ ಹಾಕಿಸುವುದು ಎರಡೂ ಬೇಡ.

ಕಾಯಿಲೆ ಮರಳಿತೇ?

ನೀವು ಕೊಟ್ಟ ಅಂಕಿಗಳಲ್ಲಿ ಅದರ ಲಕ್ಷಣ ಕಾಣುತ್ತಿಲ್ಲ. ಮಜ್ಜೆಯನ್ನು ಲ್ಯುಕೇಮಿಯ ಕಣಗಳು ಆಕ್ರಮಿಸಿಕೊಂಡಿದ್ದರೆ ಮಾತ್ರೆ ನಿಲ್ಲಿಸಿದ ಹನ್ನೆರಡು ದಿನಕ್ಕೆ ಬಿಳಿ ಕಣ ಎರಡೂವರೆ ಪಟ್ಟು ಆಗುವುದಿಲ್ಲ. ಪ್ಲೇಟ್‌ಲೆಟ್ 1.9 ಲಕ್ಷ ನಿಲ್ಲುವುದೂ ಕಷ್ಟ. ಕಾಯಿಲೆ ಮರಳುವಾಗ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಮತ್ತು ಹಿಮೋಗ್ಲೋಬಿನ್ ಕೂಡ ಜೊತೆಗೆ ಕುಸಿಯುತ್ತವೆ. ಯಕೃತ್ತು ಅಥವಾ ಗುಲ್ಮ ಊದುತ್ತದೆ, ಮೂಳೆ ನೋವು ಬರುತ್ತದೆ, ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ಹರಡಿದ ರಕ್ತದಲ್ಲಿ) ಬ್ಲಾಸ್ಟ್ ಎಂಬ ಬಲಿಯದ ಲ್ಯುಕೇಮಿಯ ಕಣ ಕಾಣುತ್ತದೆ. ಗಂಡು ಮಕ್ಕಳಲ್ಲಿ ವೃಷಣ ನೋವಿಲ್ಲದೆ ಗಟ್ಟಿಯಾಗಿ ದಪ್ಪಗಾಗುವುದೂ ಒಂದು ಲಕ್ಷಣ. ಸ್ನಾನ ಮಾಡಿಸುವಾಗ ನೋಡಿಕೊಳ್ಳಿ.

ಒಂದು ವಿಷಯ ಮಾತ್ರ ಖಚಿತಪಡಿಸಿಕೊಳ್ಳಿ. 3,800 ಬಂದ ದಿನ ಮಗು ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಸೋನ್‌ನ ಐದು ದಿನದ ಕೋರ್ಸಿನಲ್ಲಿತ್ತೇ? ಸ್ಟಿರಾಯ್ಡ್ ಕೊಟ್ಟಾಗ ರಕ್ತನಾಳದ ಗೋಡೆಗೆ ಅಂಟಿಕೊಂಡ ನ್ಯೂಟ್ರೋಫಿಲ್‌ಗಳು ಬಿಡಿಸಿಕೊಂಡು ರಕ್ತಕ್ಕೆ ಬರುತ್ತವೆ. ಕೌಂಟ್ ಏರಿದಂತೆ ಕಾಣುತ್ತದೆ, ಆದರೆ ಮಜ್ಜೆ ಹೆಚ್ಚಿಗೆ ತಯಾರಿಸಿರುವುದಿಲ್ಲ. ಸ್ಟಿರಾಯ್ಡ್ ಇಲ್ಲದ ವಾರದಲ್ಲೂ ಹೀಗೆ ಏರಿದ್ದರೆ ಆ ಏರಿಕೆಯನ್ನು ನಂಬಬಹುದು.

ಎರಡು ವಾರ ಪೂರ್ತಿ ಮಾತ್ರೆ ನಿಲ್ಲಿಸಿದರೂ ಎಎನ್‌ಸಿ 500 ದಾಟದಿದ್ದರೆ, ಅಥವಾ ಮೇಲೆ ಹೇಳಿದ ಯಾವುದೇ ಲಕ್ಷಣ ಕಂಡರೆ ಬೋನ್ ಮ್ಯಾರೋ ಪರೀಕ್ಷೆ ಬೇಕಾಗುತ್ತದೆ. ಸದ್ಯಕ್ಕೆ ಮಗುವಿನ ಸೊಂಟಕ್ಕೆ ಸೂಜಿ ಚುಚ್ಚಿಸುವ ಅವಸರ ನನಗೆ ಕಾಣುತ್ತಿಲ್ಲ. ಮಗುವನ್ನು ಮುಟ್ಟಿ ನೋಡಿದ ವೈದ್ಯರು ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ಇಲ್ಲಿ ಹೆಚ್ಚು ಸಂಶಯ ಜೀನ್ ಮೇಲೆ

ನಿಲ್ಲಿಸಿದರೆ ಚೆನ್ನಾಗಿ ಏರುವುದು, ಪೂರ್ತಿ ಡೋಸ್ ಕೊಟ್ಟರೆ ಮೂರು ವಾರದಲ್ಲಿ ಬೀಳುವುದು, ಮೂರು ಸಲವೂ ಹಾಗೇ ಆಗುವುದು. ಇದು 6-ಎಂಪಿ ಆ ಮಗುವಿನ ದೇಹಕ್ಕೆ ಹೆಚ್ಚಾಯಿತು ಎನ್ನುವುದರ ಗುರುತು. ಡೋಸ್ ಬರೆದವರು ತಪ್ಪು ಮಾಡಿದ್ದಾರೆ ಎಂದಲ್ಲ. 118 ಸೆಂ.ಮೀ., 21 ಕೆ.ಜಿ.ಗೆ ದೇಹದ ಮೇಲ್ಮೈ ಸುಮಾರು 0.83 ಚದರ ಮೀಟರ್ ಆಗುತ್ತದೆ. ಚದರ ಮೀಟರಿಗೆ 60 ಮಿ.ಗ್ರಾಂ. ಲೆಕ್ಕದಲ್ಲಿ 50 ಮಿ.ಗ್ರಾಂ. ಸರಿ. ಮೆಥೊಟ್ರೆಕ್ಸೇಟ್ ಚದರ ಮೀಟರಿಗೆ 20ರಂತೆ 16.6 ಆಗುತ್ತದೆ, 15 ಕೊಟ್ಟಿದ್ದಾರೆ. ಅದೂ ಸರಿ. ಪುಸ್ತಕದ ಲೆಕ್ಕ ಸರಿಯಿದ್ದೂ ದೇಹದಲ್ಲಿ ಹೆಚ್ಚಾಗುವುದು ಹೇಗೆಂದರೆ, 6-ಎಂಪಿಯನ್ನು ಕರಗಿಸಿ ಹೊರಹಾಕುವ ಕಿಣ್ವಗಳು ಎಲ್ಲರಲ್ಲೂ ಒಂದೇ ಬಲದಲ್ಲಿ ಇರುವುದಿಲ್ಲ.

6-ಎಂಪಿ ಕಣದೊಳಗೆ ಹೋಗಿ ಥಯೋಗ್ವಾನಿನ್ ನ್ಯೂಕ್ಲಿಯೋಟೈಡ್ (ಟಿಜಿಎನ್) ಎಂಬ ಸಕ್ರಿಯ ರೂಪವಾಗಿ ಬದಲಾಗುತ್ತದೆ. ಅದು ಡಿಎನ್‌ಎಯೊಳಗೆ ಸೇರಿಕೊಂಡಾಗ ಕಣ ಸಾಯುತ್ತದೆ. ಇದಕ್ಕೆ ತಡೆ ಹಾಕುವ ಕಿಣ್ವಗಳಲ್ಲಿ ಎರಡು ಮುಖ್ಯ. ಟಿಪಿಎಂಟಿ ಎಂಬುದು ಔಷಧವನ್ನು ಮೊದಲ ಹಂತದಲ್ಲೇ ಬೇರೆ ದಾರಿಗೆ ತಿರುಗಿಸುತ್ತದೆ. ಎನ್‌ಯುಡಿಟಿ15 ಎಂಬುದು ಡಿಎನ್‌ಎಗೆ ಸೇರಲು ತಯಾರಾಗಿ ನಿಂತ ರೂಪವನ್ನು ಮುರಿದು ಹಾಕುತ್ತದೆ. ಟಿಪಿಎಂಟಿಯ ಕೊರತೆ ಯುರೋಪಿನ ಜನರಲ್ಲಿ ಹೆಚ್ಚು, ಹತ್ತರಲ್ಲಿ ಒಬ್ಬರಿಗೆ ಅರ್ಧ ಬಲ ಇರುತ್ತದೆ. ನಮ್ಮಲ್ಲಿ ಅದು ಅಷ್ಟಿಲ್ಲ. ಹಾಗಾಗಿ ಟಿಪಿಎಂಟಿ ಒಂದನ್ನೇ ಪರೀಕ್ಷಿಸಿ ನಾರ್ಮಲ್ ಎಂದು ಬಂದ ಮಕ್ಕಳಲ್ಲೂ ಕೌಂಟ್ ಕುಸಿಯುವುದು ಬಹಳ ಕಾಲ ಒಗಟಾಗಿಯೇ ಇತ್ತು. 2014ರಲ್ಲಿ ಕೊರಿಯಾದ ಕರುಳಿನ ಕಾಯಿಲೆಯ ರೋಗಿಗಳಲ್ಲಿ ಎನ್‌ಯುಡಿಟಿ15 ಕಿಣ್ವದ ಬಲ ಕುಗ್ಗಿಸುವ ಜೀನ್ ಬದಲಾವಣೆ ಪತ್ತೆಯಾಯಿತು. ಪೂರ್ವ ಏಷ್ಯಾ ಮತ್ತು ದಕ್ಷಿಣ ಏಷ್ಯಾದವರಲ್ಲಿ ಇದು ಸಾಮಾನ್ಯ. ಸರಿಸುಮಾರು ಹತ್ತು ಭಾರತೀಯರಲ್ಲಿ ಒಬ್ಬರಿಗೆ, ತಂದೆ-ತಾಯಿಯಿಂದ ಬರುವ ಜೀನ್‌ನ ಎರಡು ಪ್ರತಿಗಳಲ್ಲಿ ಕನಿಷ್ಠ ಒಂದರಲ್ಲಿ ಈ ಬದಲಾವಣೆ ಇರಬಹುದು.

ಆದ್ದರಿಂದ ಕೇಳಬೇಕಾದ ಪರೀಕ್ಷೆ ಟಿಪಿಎಂಟಿ ಮತ್ತು ಎನ್‌ಯುಡಿಟಿ15 ಎರಡರ ಜೀನೋಟೈಪಿಂಗ್ (ಜೀನ್ ಪರೀಕ್ಷೆ). ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೆಲವೇ ಮಿ.ಲೀ. ರಕ್ತ ಸಾಕು, ಜೀವನದಲ್ಲಿ ಒಮ್ಮೆ ಮಾಡಿಸಿದರೆ ಮುಗಿಯಿತು. ಟಿಪಿಎಂಟಿ ಕಿಣ್ವದ ಚಟುವಟಿಕೆ ಅಳೆಯುವ ಪರೀಕ್ಷೆ ಬೇಡ. ಮಗುವಿಗೆ ಇತ್ತೀಚೆಗೆ ರಕ್ತ ಕೊಟ್ಟಿದ್ದರೆ ಅದರಲ್ಲಿ ದಾನಿಯ ಕೆಂಪು ಕಣದ ಕಿಣ್ವವೂ ಸೇರಿ ಬರುತ್ತದೆ. ಕೆಲವರು 6-ಟಿಜಿಎನ್ ಮಟ್ಟ ನೋಡಿಸುತ್ತಾರೆ. ಅದು ಮಾತ್ರೆ ನಿಜಕ್ಕೂ ಹೊಟ್ಟೆಗೆ ಹೋಗುತ್ತಿದೆಯೇ ಎಂದು ತಿಳಿಯಲು ಒಳ್ಳೆಯದು. ಆದರೆ ಎನ್‌ಯುಡಿಟಿ15 ದೋಷವಿರುವವರಲ್ಲಿ ಕೆಂಪು ಕಣದ ಟಿಜಿಎನ್ ಮಟ್ಟ ಹೆಚ್ಚಿರದೆಯೂ ಮಜ್ಜೆ ಸೊರಗಬಹುದು, ಹಾಗಾಗಿ ಅದು ಜೀನ್ ಪರೀಕ್ಷೆಗೆ ಬದಲಿಯಲ್ಲ. ದೋಷ ಇದೆ ಎಂದು ಬಂದರೆ ಮಗುವಿನ ಒಡಹುಟ್ಟಿದವರ ಕಡತದಲ್ಲೂ ಬರೆಸಿಡಿ. ಕರುಳು, ಕೀಲು, ಚರ್ಮದ ಕಾಯಿಲೆಗೆ ಕೊಡುವ ಅಜಥಯೋಪ್ರಿನ್ ದೇಹದಲ್ಲಿ 6-ಎಂಪಿಯೇ ಆಗುತ್ತದೆ.

ಡೋಸ್ ಹೇಗೆ ಇಳಿಸುತ್ತಾರೆ

ಪೂರ್ತಿ ಡೋಸ್, ಕುಸಿತ, ನಿಲುಗಡೆ, ಮತ್ತೆ ಪೂರ್ತಿ ಡೋಸ್: ಈ ಚಕ್ರದಲ್ಲಿ ನಷ್ಟ ಎರಡು ಕಡೆಯಿಂದ. ಕೊಟ್ಟಾಗ ಸೋಂಕಿನ ಭಯ, ನಿಲ್ಲಿಸಿದಾಗ ಲ್ಯುಕೇಮಿಯಕ್ಕೆ ಬಿಡುವು. ಮೆಂಟೆನೆನ್ಸ್ ಕೆಲಸ ಮಾಡುವುದು ಬಿಡದೆ ಕೊಡುವುದರಿಂದ. ತಾಳಿಕೊಳ್ಳುವಷ್ಟು ಚಿಕ್ಕ ಡೋಸ್ ಪ್ರತಿದಿನ ಹೋಗುವುದು, ದೊಡ್ಡ ಡೋಸ್ ಬಿಟ್ಟು ಬಿಟ್ಟು ಹೋಗುವುದಕ್ಕಿಂತ ಮೇಲು.

ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ದೋಷದ ಒಂದು ಪ್ರತಿ ಇದ್ದರೆ ಮಾಮೂಲಿ ಡೋಸ್‌ನ 30ರಿಂದ 80%. ನಿಮ್ಮ ಮಗನಿಗೆ ವಾರಕ್ಕೆ ಈಗ 350 ಮಿ.ಗ್ರಾಂ. ಹೋಗುತ್ತಿದೆ. ದಿನಾ ಅರ್ಧ ಮಾತ್ರೆ ಎಂದರೆ 175. ಅದು ಕಡಿಮೆಯಾಯಿತು ಅನ್ನಿಸಿದರೆ ನಾಲ್ಕು ದಿನ ಅರ್ಧ, ಮೂರು ದಿನ ಪೂರ್ತಿ, ವಾರಕ್ಕೆ 250. ವೈದ್ಯರು ವಾರದ ಲೆಕ್ಕದಲ್ಲಿ ಬರೆದು ಕೊಟ್ಟರೆ ಸೋಮವಾರದಿಂದ ಭಾನುವಾರದವರೆಗೆ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಿ. ಎರಡೂ ಪ್ರತಿ ದೋಷದ್ದಾಗಿದ್ದರೆ ಎನ್‌ಯುಡಿಟಿ15ರಲ್ಲಿ ಚದರ ಮೀಟರಿಗೆ ದಿನಕ್ಕೆ 10 ಮಿ.ಗ್ರಾಂ.ನಿಂದ ಶುರು. ಈ ಮಗುವಿಗೆ ಅದು ದಿನಕ್ಕೆ 8 ಮಿ.ಗ್ರಾಂ. ಚಿಲ್ಲರೆ, ಅಂದರೆ ವಾರವಿಡೀ ಸೇರಿ ಒಂದು ಮಾತ್ರೆಗಿಂತ ಸ್ವಲ್ಪ ಹೆಚ್ಚು. ಅಷ್ಟು ಕಡಿಮೆ ಔಷಧ ಕೊಟ್ಟರೆ ಕಾಯಿಲೆ ಹೇಗೆ ಹತೋಟಿಯಲ್ಲಿರುತ್ತದೆ ಎಂದು ಹೆದರಬೇಡಿ. ಅಂಥ ದೇಹದಲ್ಲಿ ಆ ಚೂರೇ ಬೇರೆಯವರ ಪೂರ್ತಿ ಡೋಸ್‌ನ ಕೆಲಸ ಮಾಡುತ್ತದೆ.

ಡೋಸ್ ಬದಲಿಸಿದ ಮೇಲೆ ಎರಡರಿಂದ ನಾಲ್ಕು ವಾರ ಕಾಯಬೇಕು. ಸಕ್ರಿಯ ರೂಪ ಕಣಗಳಲ್ಲಿ ನಿಧಾನವಾಗಿ ಕೂಡುತ್ತದೆ, ನಿಧಾನವಾಗಿ ಕರಗುತ್ತದೆ. ನಿಮ್ಮ ಮಗನ ಕೌಂಟ್ ಬೀಳಲು ಮೂರು ವಾರ ಹಿಡಿಯುತ್ತಿರುವುದೂ ಅದಕ್ಕೇ. ವಾರವಾರದ ಸಿಬಿಸಿ (ರಕ್ತಕಣಗಳ ಎಣಿಕೆ) ನೋಡಿ ವಾರವಾರವೂ ಡೋಸ್ ಏರಿಳಿಸಿದರೆ ಯಾವ ಡೋಸ್‌ಗೆ ಯಾವ ಕೌಂಟ್ ಬಂತು ಎಂಬುದೇ ತಿಳಿಯದೆ ಹೋಗುತ್ತದೆ. ಜೀನ್ ವರದಿ ನಾರ್ಮಲ್ ಬಂದರೂ ಕಡಿಮೆ ಡೋಸ್‌ನಿಂದ ಶುರುಮಾಡಿ ಮೆಲ್ಲಗೆ ಏರಿಸುವ ಕ್ರಮವೇ ಸರಿ, ಏಕೆಂದರೆ ಈ ಎರಡು ಜೀನ್‌ಗಳು ಎಲ್ಲವನ್ನೂ ವಿವರಿಸುವುದಿಲ್ಲ.

ಮಾತ್ರೆಯನ್ನು ಕಟರಿನಲ್ಲಿ ಕತ್ತರಿಸಿ, ಕೈಗವಸು ಹಾಕಿಕೊಳ್ಳಿ, ಪುಡಿ ಮಾಡಬೇಡಿ. ಮನೆಯಲ್ಲಿ ಬಸುರಿ ಹೆಂಗಸು ಇದ್ದರೆ ಅವರು ಮುಟ್ಟುವುದು ಬೇಡ. ಹಾಲಿನ ಜೊತೆ ಕೊಡಬಾರದು, ಖಾಲಿ ಹೊಟ್ಟೆಯಲ್ಲೇ ಕೊಡಬೇಕು ಎಂಬ ಹಳೆಯ ಕಟ್ಟುಪಾಡನ್ನು ಈಗ ಯಾರೂ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ದಿನಾ ಒಂದೇ ಹೊತ್ತಿಗೆ, ತಪ್ಪದೆ ಕೊಡುವುದು ಮುಖ್ಯ.

ಜೀನ್ ವರದಿ ಬರುವ ಮೊದಲು ಮನೆಯಲ್ಲೇ ನೋಡಬೇಕಾದದ್ದು

ಔಷಧದ ಡಬ್ಬಿಯನ್ನು ಪೂರ್ತಿ ಮೇಜಿನ ಮೇಲೆ ಸುರಿಯಿರಿ. ಮೆಥೊಟ್ರೆಕ್ಸೇಟ್ ನಮ್ಮ ಅಂಗಡಿಗಳಲ್ಲಿ 2.5, 5, 7.5, 10, 15 ಮಿ.ಗ್ರಾಂ. ಹೀಗೆ ಹಲವು ಶಕ್ತಿಗಳಲ್ಲಿ ಸಿಗುತ್ತದೆ. 2.5ರ ಸ್ಟಾಕ್ ಇಲ್ಲವೆಂದು ಅಂಗಡಿಯವರು 10ರ ಸ್ಟ್ರಿಪ್ ಕೊಟ್ಟು, ಮನೆಯಲ್ಲಿ ಅಭ್ಯಾಸದಂತೆ ಆರು ಮಾತ್ರೆ ನುಂಗಿಸಿದರೆ 15ರ ಬದಲು 60 ಮಿ.ಗ್ರಾಂ. ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ವಾರದ ಮಾತ್ರೆಯನ್ನು ದಿನದ ಮಾತ್ರೆ ಎಂದು ತಿಳಿಯುವುದು. ಹೀಗೆ ಆಗಿ ಜೀವ ಹೋದ ಪ್ರಕರಣಗಳು ಎಲ್ಲ ದೇಶಗಳಲ್ಲೂ ಇವೆ. ಕೌಂಟ್ ಕುಸಿತದ ಜೊತೆ ಬಾಯಿ ತುಂಬ ಹುಣ್ಣು ಇದ್ದರೆ ಮೊದಲ ಸಂಶಯ ಮೆಥೊಟ್ರೆಕ್ಸೇಟ್ ಮೇಲೆ ಇರಲಿ. ಅಂಥದ್ದು ಆಗಿದೆ ಅನ್ನಿಸಿದರೆ ಮುಂದಿನ ಭೇಟಿಯವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಅದಕ್ಕೆ ಫೋಲಿನಿಕ್ ಆ್ಯಸಿಡ್ ಎಂಬ ಪ್ರತ್ಯೌಷಧ ಇದೆ.

ಯೂರಿಕ್ ಆಮ್ಲಕ್ಕೆಂದು ಚಿಕಿತ್ಸೆಯ ಆರಂಭದಲ್ಲಿ ಕೊಟ್ಟ ಅಲೋಪ್ಯುರಿನಾಲ್ ಇನ್ನೂ ನಡೆಯುತ್ತಿದೆಯೇ? ಅದು 6-ಎಂಪಿಯನ್ನು ಒಡೆಯುವ ಇನ್ನೊಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಎರಡನ್ನೂ ಕೂಡಿಸಿ ಕೊಡಲೇಬೇಕಾದರೆ 6-ಎಂಪಿಯನ್ನು ಕಾಲು ಅಥವಾ ಮೂರನೇ ಒಂದು ಭಾಗಕ್ಕೆ ಇಳಿಸಬೇಕು. ಫೆಬುಕ್ಸೊಸ್ಟಾಟ್ ಕೂಡ ಅದೇ ಜಾತಿ. ಇಬುಪ್ರೊಫೆನ್‌ನಂಥ ನೋವಿನ ಔಷಧ, ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಮಾತ್ರೆ ಮೆಥೊಟ್ರೆಕ್ಸೇಟ್ ಮೂತ್ರದಲ್ಲಿ ಹೊರಹೋಗುವುದನ್ನು ನಿಧಾನ ಮಾಡಬಹುದು. ಕ್ರಿಯಾಟಿನಿನ್ ಸ್ವಲ್ಪ ಏರಿದ್ದರೂ ಇದೇ ಪರಿಣಾಮ. ವಾಂತಿ-ಭೇದಿಯಾಗಿ ಮಗು ಒಣಗಿದ ವಾರ ಮೆಥೊಟ್ರೆಕ್ಸೇಟ್ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ.

ಇನ್ನೊಂದನ್ನು ಯಾರೂ ಸುಲಭವಾಗಿ ಬಾಯಿಬಿಟ್ಟು ಹೇಳುವುದಿಲ್ಲ, ಮಾತ್ರೆ ತಪ್ಪಿಸಿದ ದಿನಗಳನ್ನು. ತಪ್ಪಿಸಿದಾಗ ಕೌಂಟ್ ಏರುತ್ತದೆ, ಅದನ್ನು ಕಂಡ ವೈದ್ಯರು ಡೋಸ್ ಏರಿಸುತ್ತಾರೆ, ಆಮೇಲೆ ಮನೆಯಲ್ಲಿ ಶಿಸ್ತಾಗಿ ಕೊಡಲು ಶುರುಮಾಡಿದಾಗ ಕೌಂಟ್ ಒಮ್ಮೆಲೇ ನೆಲಕ್ಕೆ. ವೈದ್ಯರಿಗೆ ಸುಳ್ಳು ಹೇಳಬೇಡಿ, ಅವರು ಬೈದರೆ ಬೈಸಿಕೊಳ್ಳಿ.

ವೈರಸ್ ಸೋಂಕುಗಳೂ ಬಿಳಿ ಕಣ ಇಳಿಸುತ್ತವೆ. ಮಳೆಗಾಲದಲ್ಲಿ ಡೆಂಗಿಯನ್ನು ಮರೆಯುವಂತಿಲ್ಲ, ಅದರಲ್ಲಿ ಬಿಳಿ ಕಣದ ಹಿಂದೆಯೇ ಪ್ಲೇಟ್‌ಲೆಟ್ ಕೂಡ ಇಳಿಯುತ್ತದೆ. ಟೈಫಾಯ್ಡ್‌ನಲ್ಲೂ ಬಿಳಿ ಕಣ ಕಡಿಮೆ. ಹಿಮೋಗ್ಲೋಬಿನ್ ಕುಸಿತವೇ ಮುಂದಾಗಿದ್ದರೆ ಪಾರ್ವೊವೈರಸ್, ವಾರಗಟ್ಟಲೆ ಬಿಡದಿದ್ದರೆ ಸೈಟೋಮೆಗಾಲೋವೈರಸ್ ನೋಡಿಸುತ್ತಾರೆ. ಆದರೆ ವೈರಸ್‌ನಿಂದ ಆದ ಕುಸಿತ ಮಾತ್ರೆಯ ಜೊತೆ ಮೂರು ಸಲ ಹೀಗೆ ತಾಳ ಹಾಕುವುದಿಲ್ಲ.

ಶುದ್ಧ ಸಸ್ಯಾಹಾರಿ ಮನೆಯಾದರೆ ವಿಟಮಿನ್ ಬಿ12 ಒಮ್ಮೆ ನೋಡಿಸಿ. ಕೆಂಪು ಕಣ ದೊಡ್ಡದಾಗಿದೆ, ಎಂಸಿವಿ 100 ದಾಟಿದೆ ಎಂಬುದರಿಂದಲೇ ಬಿ12 ಕೊರತೆ ಎಂದು ತೀರ್ಮಾನಿಸಲಾಗದು. 6-ಎಂಪಿ, ಮೆಥೊಟ್ರೆಕ್ಸೇಟ್ ಎರಡೂ ಎಂಸಿವಿ ಏರಿಸುತ್ತವೆ. ಬಿ12 ಮಟ್ಟ ಅಂಚಿನಲ್ಲಿದ್ದರೆ ಮೀಥೈಲ್‌ಮೆಲೋನಿಕ್ ಆಮ್ಲದ ಪರೀಕ್ಷೆ ಹೆಚ್ಚು ನಂಬಿಕಸ್ತ. ಫೋಲಿಕ್ ಆ್ಯಸಿಡ್ ಇರುವ ಟಾನಿಕ್ಕನ್ನು ಮಾತ್ರ ಕೇಳದೆ ಕೊಡಬೇಡಿ, ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದೇ ಫೋಲೇಟ್‌ಗೆ ಅಡ್ಡ ನಿಂತು.

ಮತ್ತೆ ಲ್ಯಾಬ್. ಡಬ್ಲ್ಯುಬಿಸಿ ಇಷ್ಟು ಕಡಿಮೆ ಇರುವಾಗ ಯಂತ್ರ ಕೊಡುವ ಶೇಕಡಾವಾರನ್ನು ಪೂರ್ತಿ ನಂಬಬಾರದು. ಪೆಥಾಲಜಿ ವೈದ್ಯರು ಸ್ಮಿಯರ್ ನೋಡಿ ಕೈಯಲ್ಲಿ ಎಣಿಸಿದ ಡಿಫರೆನ್ಷಿಯಲ್ (ಬಿಳಿ ಕಣಗಳ ಬಗೆವಾರು ಶೇಕಡಾ) ಕೇಳಿ ಪಡೆಯಿರಿ. ಒಂದು ವಾರ ದಾವಣಗೆರೆ, ಇನ್ನೊಂದು ವಾರ ಬೆಂಗಳೂರು ಎನ್ನುವ ಬದಲು ಆದಷ್ಟು ಒಂದೇ ಲ್ಯಾಬ್ ಇರಲಿ.

ಸೆಪ್ಟ್ರಾನ್, ಇಂಜೆಕ್ಷನ್, ಆಹಾರ

ಸೆಪ್ಟ್ರಾನ್ ನಿಲ್ಲಿಸಬೇಡಿ. ಅದು ನ್ಯುಮೊಸಿಸ್ಟಿಸ್ ಎಂಬ ಮಾರಕ ನ್ಯುಮೋನಿಯ ಬಾರದಂತೆ ಕೊಡುವ ಔಷಧ. ಅದೂ ಮಜ್ಜೆಯನ್ನು ತುಸು ತಗ್ಗಿಸುತ್ತದೆ, ಮೆಥೊಟ್ರೆಕ್ಸೇಟ್‌ನ ಪರಿಣಾಮವನ್ನು ಹೆಚ್ಚಿಸುತ್ತದೆ ಎಂಬುದು ನಿಜ. ಆದರೂ ವಾರಕ್ಕೆ ಎರಡೇ ದಿನದ ಡೋಸ್ ಇಷ್ಟು ದೊಡ್ಡ ಕುಸಿತಕ್ಕೆ ಒಂದೇ ಕಾರಣವಾಗುವುದು ಅಪರೂಪ. 6-ಎಂಪಿ ಸರಿಪಡಿಸಿದ ಮೇಲೂ ಕೌಂಟ್ ನಿಲ್ಲದಿದ್ದರೆ ವೈದ್ಯರು ಪೆಂಟಾಮಿಡಿನ್‌ಗೋ ಡ್ಯಾಪ್ಸೋನ್‌ಗೋ ಬದಲಿಸಬಹುದು. ಡ್ಯಾಪ್ಸೋನ್‌ಗೆ ಮೊದಲು ಜಿ6ಪಿಡಿ (ಕೆಂಪು ಕಣದ ಒಂದು ಕಿಣ್ವ) ಪರೀಕ್ಷೆ ಆಗಬೇಕು.

ನೀವು ಕೇಳಿದ ಇಂಜೆಕ್ಷನ್ ಜಿ-ಸಿಎಸ್‌ಎಫ್, ಫಿಲ್‌ಗ್ರಾಸ್ಟಿಮ್. ಕೆ.ಜಿ.ಗೆ 5 ಮೈಕ್ರೋಗ್ರಾಂ ಲೆಕ್ಕದಲ್ಲಿ ಚರ್ಮದಡಿ ಕೊಡುತ್ತಾರೆ. ತೀವ್ರ ಸೋಂಕು ಆದಾಗ ಅದಕ್ಕೆ ಜಾಗವಿದೆ. ಮೆಂಟೆನೆನ್ಸ್‌ನಲ್ಲಿ ಕೌಂಟ್ ಚಂದ ಕಾಣಲಿ ಎಂದು ಕೊಡುವುದಿಲ್ಲ. ಅದರಿಂದ ಎರಡು ದಿನ ಅಂಕಿ ಏರುತ್ತದೆ, ಡೋಸ್ ಹೆಚ್ಚಾಗಿರುವ ಮೂಲ ಸಮಸ್ಯೆ ಅಲ್ಲೇ ಇರುತ್ತದೆ, ಮುಂದಿನ ಡೋಸ್ ನಿರ್ಧರಿಸಲು ಬೇಕಾದ ಕೌಂಟ್ ಕೂಡ ಕಲಸುಮೇಲೋಗರವಾಗುತ್ತದೆ.

ನ್ಯೂಟ್ರೋಫಿಲ್ ಏರಿಸುವ ಹಣ್ಣು, ಕಷಾಯ ಯಾವುದೂ ಇಲ್ಲ. ಪಪ್ಪಾಯಿ ಎಲೆ ರಸ, ಅಮೃತಬಳ್ಳಿ, ಭಸ್ಮ ಯಾವುದನ್ನೂ ಕೊಡಬೇಡಿ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟುಬಿದ್ದ ವರದಿಗಳಿವೆ, ಇವನ ಎರಡು ಮಾತ್ರೆಗಳೂ ಯಕೃತ್ತಿನ ಮೇಲೆಯೇ ಭಾರ ಹಾಕುವಂಥವು. ಬಿಸಿಯಾಗಿ ಬೇಯಿಸಿದ ಅನ್ನ, ಸಾರು, ಬೇಳೆ, ಚೆನ್ನಾಗಿ ಬೆಂದ ಮೊಟ್ಟೆ, ಸಿಪ್ಪೆ ಸುಲಿಯುವ ಹಣ್ಣು ಕೊಡಿ. ರಸ್ತೆ ಬದಿಯ ಚಟ್ನಿ, ಕತ್ತರಿಸಿಟ್ಟ ಹಣ್ಣು, ಕಾಯಿಸದ ಹಾಲು ಬೇಡ.

ಬೇರೆ ಬಗೆಯ ಲ್ಯುಕೇಮಿಯ ಇರುವವರಿಗೆ

ಮೇಲಿನದ್ದೆಲ್ಲ ಎಎಲ್‌ಎಲ್ ಮೆಂಟೆನೆನ್ಸ್‌ಗೆ. ಸಿಎಂಎಲ್‌ಗೆ (ನಿಧಾನವಾಗಿ ಬೆಳೆಯುವ ಒಂದು ರಕ್ತ ಕ್ಯಾನ್ಸರ್) ಇಮ್ಯಾಟಿನಿಬ್ 400 ಮಿ.ಗ್ರಾಂ. ನುಂಗುವವರಲ್ಲಿ ಮೊದಲ ಕೆಲವು ತಿಂಗಳು ಕೌಂಟ್ ಇಳಿಯಲು ಕಾರಣವೇ ಬೇರೆ. ಚಿಕಿತ್ಸೆ ಶುರುವಾಗುವ ಹೊತ್ತಿಗೆ ರಕ್ತದ ಬಹುಪಾಲನ್ನು ಕಾಯಿಲೆಯ ಕಣಗಳೇ ತಯಾರಿಸುತ್ತಿರುತ್ತವೆ. ಮಾತ್ರೆ ಅವನ್ನು ಕೊಂದಾಗ ಮೂಲೆಗೆ ಒತ್ತರಿಸಲ್ಪಟ್ಟಿದ್ದ ಆರೋಗ್ಯದ ಕಣಗಳು ಚೇತರಿಸಿಕೊಳ್ಳಲು ಸಮಯ ಬೇಕು. ಎಎನ್‌ಸಿ 1,000ಕ್ಕಿಂತ ಅಥವಾ ಪ್ಲೇಟ್‌ಲೆಟ್ 50,000ಕ್ಕಿಂತ ಇಳಿದರೆ ನಿಲ್ಲಿಸಿ, ಎಎನ್‌ಸಿ 1,500, ಪ್ಲೇಟ್‌ಲೆಟ್ 75,000 ತಲುಪಿದ ಮೇಲೆ ಅದೇ 400ಕ್ಕೆ ಮರಳುತ್ತಾರೆ. ಮತ್ತೆ ಬಿದ್ದರೆ ಅದೇ ಕ್ರಮದಲ್ಲಿ ನಿಲ್ಲಿಸಿ 300ರಿಂದ ಶುರು. ಇಲ್ಲಿ ಜಿ-ಸಿಎಸ್‌ಎಫ್ ಕೊಟ್ಟು ಮಾತ್ರೆ ಮುಂದುವರಿಸುವ ಪದ್ಧತಿಯೂ ಇದೆ. ಎಎಂಎಲ್‌ಗೆ (ವೇಗವಾಗಿ ಬೆಳೆಯುವ ಇನ್ನೊಂದು ರಕ್ತ ಕ್ಯಾನ್ಸರ್) ವೆನೆಟೊಕ್ಲಾಕ್ಸ್ ಮತ್ತು ಅಜಸಿಟಿಡಿನ್ ಪಡೆಯುವವರಲ್ಲಿ ಮಜ್ಜೆ ನೋಡದೆ ಏನೂ ಹೇಳಲಾಗದು. ಮೊದಲ ಸುತ್ತಿನ ಕೊನೆಯ ಮಜ್ಜೆಯಲ್ಲಿ ಬ್ಲಾಸ್ಟ್ ಹೋಗಿದ್ದರೆ ಕೌಂಟ್ ಏರುವವರೆಗೆ ಮುಂದಿನ ಸುತ್ತು ತಡಮಾಡಿ, ವೆನೆಟೊಕ್ಲಾಕ್ಸ್ ದಿನಗಳನ್ನು 28ರಿಂದ 21ಕ್ಕೆ ಇಳಿಸುತ್ತಾರೆ, ಬೇಕಾದರೆ ಇನ್ನೂ ಕಡಿಮೆ ಮಾಡುತ್ತಾರೆ. ಬ್ಲಾಸ್ಟ್ ಉಳಿದಿದ್ದರೆ ಕೌಂಟ್ ಕಡಿಮೆ ಇದ್ದರೂ ಚಿಕಿತ್ಸೆ ಮುಂದುವರಿಯುತ್ತದೆ, ಏಕೆಂದರೆ ಆಗ ಕೌಂಟ್ ಇಳಿಸುತ್ತಿರುವುದು ಕಾಯಿಲೆಯೇ.